ಟಕ್ ಅಂದಮೇಲೆ ಕೊಸರು

“ಅಪ್ಪಾ, ಬೇಡ ಕಣಪ್ಪ. ಈವಯ್ಯ ನಮ್ಗೆ ಟೋಪಿ ಆಕ್ತಾವ್ನೆ,” ದೀಪಿಕ ಅಪ್ಪನ ಅಂಗಿ ಜಗ್ಗಿ ಪಿಸುಗುಟ್ಟಿದಳು.

ದೀಪಿಕಳ ಪಿಸುಮಾತು ಅಂದರೆ ಅರ್ಧ ಮಂಡ್ಯಕ್ಕೆ ಕೇಳಿಸುತ್ತದೆ. ಟೂಲ್ಸ್ ಅಂಗಡಿಯ ಸುದರ್ಶನ್ ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದರು.

ಐದನೇ ಕ್ಲಾಸಿನ ಈ ಹುಡುಗಿಗೆ ಅನುಮಾನ ಬಂದಿದ್ದು ಸುಮ್ಮನೆ ಅಲ್ಲ. ಟೇಬಲ್ ಮೇಲೆ ನಟ್ಟು ಬಿಗಿ ಮಾಡುವ ಎರಡು ಟಾರ್ಕ್ ವ್ರೆಂಚ್ ಇದ್ದವು. ಒಂದು ಅವಳ ತೋಳಿನುದ್ದ. ಇನ್ನೊಂದು ಒನಕೆಯ ಹಾಗೆ ದಪ್ಪ, ಉದ್ದ. ದೊಡ್ಡದಕ್ಕೆ ಆಫರ್ ಬಂದು ಎರಡರ ರೇಟೂ ಒಂದೇ ಆಗಿತ್ತು. ಅಂಥದ್ದರಲ್ಲಿ ಚಿಕ್ಕದನ್ನೇ ತಗೊಳ್ಳಿ ಅಂತ ಅಂಗಡಿಯವರೇ ಹೇಳಿದರೆ ಯಾರಿಗೆ ತಾನೇ ಡೌಟ್ ಬರಲ್ಲ?

“ದೊಡ್ಡದು ಲಾರಿಗೆ ಸರ್,” ಎಂದರು ಸುದರ್ಶನ್. “ನಿಮ್ಮ ಕಾರಿನ ಪುಸ್ತಕದಲ್ಲಿ ಚಕ್ರದ ನಟ್ಟಿನ ಬಿಗಿ ಎಂಬತ್ತೈದು ಅಂತಿದೆ ಅಂದ್ರಿ. ದೊಡ್ಡದರಲ್ಲಿ ನಂಬರ್ ಶುರುವಾಗೋದೇ ನೂರರಿಂದ. ಇದರಲ್ಲಿ ಎಂಬತ್ತೈದು ಮಧ್ಯಕ್ಕೆ ಬರುತ್ತೆ. ಹಿಡಿ ತಿರುಗಿಸಿ ನಂಬರ್ ಇಟ್ಕೊಂಡು ಎಳೀರಿ. ಅಷ್ಟು ಬಿಗಿ ಆದ ತಕ್ಷಣ ಟಕ್ ಅನ್ನುತ್ತೆ. ಟಕ್ ಅಂದ್ರೆ ಸಾಕು.”

ಅಪ್ಪ ಸಿದ್ದರಾಮು ತಲೆಯಾಡಿಸಿದ. ತನ್ನ ಹಳೇ ಕಾರಿನ ರಿಪೇರಿಯನ್ನು ತಾನೇ ಮಾಡಿಕೊಳ್ಳುವವನು ಅವನು. ಸ್ಪ್ಯಾನರ್ ಮೇಲೆ ಹತ್ತಿ ನಿಂತು ನಟ್ಟು ಬಿಗಿ ಮಾಡುತ್ತಿದ್ದ. ಆಮೇಲೆ ಕೊಸರು ಅಂತ ಇನ್ನೊಂದು ಸಲ ತುಳಿಯುತ್ತಿದ್ದ. ಹೋದ ತಿಂಗಳು ಆ ನಟ್ಟು ಬಿಚ್ಚಲು ಹೆಣಗಾಡಿದ ಮೆಕ್ಯಾನಿಕ್ ಸ್ವಾಮಿ, “ಮೊದ್ಲು ಟಾರ್ಕ್ ವ್ರೆಂಚ್ ತಗೊಳಪ್ಪ!” ಎಂದು ಬೈದಿದ್ದ.

“ಆಯ್ತು, ಇದ್ನೇ ಕೊಡಿ. ಕೊಸರಿಗೆ ಏನ್ ಕೊಡ್ತೀರಾ?” ಎಂದ ಅಪ್ಪ.

“ನಮ್ಮ ಅಂಗಡೀಲಿ ಕೊಸರು ಇಲ್ಲ ಸರ್,” ಎಂದು ಸುದರ್ಶನ್ ನಕ್ಕರು.

ಸಂತೆಯಲ್ಲಿ ಸೊಪ್ಪು ಮಾರುವ ದೇವಿರಮ್ಮ ಕೂಡ ಕಟ್ಟಿನ ಮೇಲೆ ನಾಲ್ಕು ದಂಟು ಕೊಸರು ಹಾಕುತ್ತಾಳೆ. ಕೊಸರೂ ಕೊಡದ ಮನುಷ್ಯನನ್ನು ನಂಬುವುದು ಹೇಗೆ? ಬಸ್ಸಿನಲ್ಲಿ ತಮ್ಮೂರು ಪೂರಿಗಾಲಿಗೆ ಬರುವಷ್ಟರಲ್ಲಿ ದೀಪಿಕ ಮೂರು ಸಲ ಡಬ್ಬ ತೆಗೆದು ವ್ರೆಂಚನ್ನು ಮೂಸಿ ನೋಡಿದಳು.

ಸಂಜೆ ಅಪ್ಪ, ಪಂಕ್ಚರ್ ಹಾಕಿಸಿದ್ದ ಚಕ್ರವನ್ನು ಕಾರಿಗೆ ಜೋಡಿಸಿದ. ಬೆಳಗ್ಗೆ ಅಜ್ಜಿಯನ್ನು ಕಣ್ಣಿನ ಆಪರೇಷನ್‌ಗೆ ಮಂಡ್ಯಕ್ಕೆ ಕರೆದುಕೊಂಡು ಹೋಗಬೇಕಿತ್ತು. ಹೊಸ ವ್ರೆಂಚಿನಿಂದ ಮೆಲ್ಲಗೆ ಎಳೆದ. ಟಕ್. ನಾಲ್ಕು ನಟ್ಟು, ನಾಲ್ಕು ಟಕ್. ಒಂದು ಹನಿ ಬೆವರಿಲ್ಲ.

“ಅಷ್ಟೇನಾ?” ದೀಪಿಕ ಕಣ್ಣರಳಿಸಿದಳು.

“ಅಷ್ಟೇ ಕಣವ್ವ,” ಎಂದು ಅಪ್ಪ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋದ.

ಜಗಲಿಯಲ್ಲಿ ಕೂತಿದ್ದ ಅಜ್ಜಿ ಹೊಂಬಾಳಮ್ಮ, “ಒಂದು ಕೊಸರೂ ಆಕ್ದೆ ಒಂಟೋದ್ನಾ ನಿಮ್ಮಪ್ಪ?” ಎಂದಳು.

ದೀಪಿಕ ಚಕ್ರವನ್ನೇ ನೋಡಿದಳು. ನಾಳೆ ಅಜ್ಜಿ ಕಾರಿನಲ್ಲಿ ಕೂತಿರುವಾಗಲೇ ಚಕ್ರ ಕಳಚಿಕೊಂಡರೆ? ಅವಳು ಹಳೇ ಸ್ಪ್ಯಾನರ್ ತಂದಳು. ಅದಕ್ಕೆ ಉದ್ದನೆಯ ಕಬ್ಬಿಣದ ಪೈಪು ತೂರಿಸಿ, ಮೇಲೆ ಹತ್ತಿ ಕುಣಿದಳು. ನಟ್ಟು ಕಿರ್ ಎಂದಿತು. ಹಾಂ, ಬಿಗಿ ಅಂದರೆ ಇದು! ಇನ್ನೊಂದು ಕೊಸರು ಇರಲಿ ಅಂತ ಮತ್ತೆ ಕುಣಿದಳು.

ಫಟ್! ಬೋಲ್ಟು ಮುರಿದು, ದೀಪಿಕ ಕುಂಡಿ ಊರಿಕೊಂಡು ನೆಲಕ್ಕೆ ಬಿದ್ದಳು.

“ಏನವ್ವ ಅದು ಸದ್ದು?” ಕಣ್ಣು ಮಂಜಾದ ಅಜ್ಜಿ ಕೇಳಿದಳು.

“ತೆಂಗಿನ್‌ಕಾಯಿ ಬಿತ್ತು ಕಣಜ್ಜಿ.” ಸ್ಪ್ಯಾನರ್, ಪೈಪು ಎರಡೂ ಎದ್ದೆನೋ ಬಿದ್ದೆನೋ ಅಂತ ಕೊಟ್ಟಿಗೆ ಸೇರಿದವು.

ವಾಪಸ್ ಬಂದ ಅಪ್ಪ ಮುರಿದ ಬೋಲ್ಟು ನೋಡಿ ಕೆಂಡವಾದ. “ನೀನ್ ಏಳಿದ್ದೇ ದಿಟ ಕಣವ್ವ! ಆವಯ್ಯ ಟೋಪಿನೇ ಆಕ್ಬುಟ್ಟ!”

ಬೇರೆ ದಿನವಾಗಿದ್ದರೆ ಈ ಮಾತಿಗೆ ದೀಪಿಕ ಹಿಗ್ಗಿಬಿಡುತ್ತಿದ್ದಳು. ಈಗ ಕೊಟ್ಟಿಗೆಯ ಕಡೆ ಕಳ್ಳನೋಟ ಬೀರಿದಳು. ಅಪ್ಪ ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬಾಯಿಗೆ ಬಂದಂತೆ ಬೈದ.

ಸುದರ್ಶನ್ ಎಲ್ಲ ಕೇಳಿಸಿಕೊಂಡರು. “ಟಕ್ ಅಂದಮೇಲೆ ಯಾರಾದ್ರೂ ಮತ್ತೆ ಎಳೆದ್ರಾ ಸರ್?”

“ಯಾರ್ ಎಳೀತಾರ್ರೀ? ನಾನು ಎಳ್ದಿಲ್ಲ. ಇನ್ನಿರೋದು ಕಣ್ ಕಾಣ್ದೆ ಇರೋ ನಮ್ಮವ್ವ, ಒಂದು ಕೂಸು!”

“ಹಾಗಾದ್ರೆ ವ್ರೆಂಚಿಂದೇ ತಪ್ಪಿರಬೇಕು. ನಾಳೆ ತನ್ನಿ, ಬದಲಾಯಿಸಿ ಕೊಡ್ತೀನಿ. ಬೋಲ್ಟಿನ ಖರ್ಚೂ ನಂದೇ.”

ಅಪ್ಪನ ಸಿಟ್ಟು ಜರ್ರನೆ ಇಳಿಯಿತು. “ನೋಡ್ದೇನೇ ಒಪ್ಕೊಂಡ್ರಾ?”

“ನೀವು ಹೇಳ್ತಿದ್ದೀರಲ್ಲ ಸರ್. ಸಾಕು.”

ಇದರಲ್ಲೂ ಏನಾದರೂ ಮೋಸ ಇದೆಯಾ ಅಂತ ದೀಪಿಕ ಹುಡುಕಿದಳು. ಸಿಗಲಿಲ್ಲ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

“ಅಪ್ಪಾ, ಫೋನ್ ಇಡ್ಬ್ಯಾಡ. ನಾನೇ ಕಣಪ್ಪ... ಕೊಸರು ಆಕ್ದೆ. ಪೈಪ್ ತೂರ್ಸಿ, ಮೇಲ್ ನಿಂತ್ಕೊಂಡು ಕುಣ್ದೆ. ಅಜ್ಜಿಗೇನಾದ್ರೂ ಆದ್ರೆ ಅಂತ...”

ಅಪ್ಪ ಬೈಯಲು ಬಾಯಿ ತೆರೆದವನು, ಇದನ್ನು ಕೂಸು ಯಾರಿಂದ ಕಲಿತಿತು ಅನ್ನುವುದು ಹೊಳೆದು ತಲೆ ಕೆರೆದುಕೊಂಡ.

ಫೋನಿನಿಂದ ದನಿ ಬಂತು. “ಪುಟ್ಟೀ, ಬಿದ್ದು ಪೆಟ್ಟು ಮಾಡ್ಕೊಳ್ಳಲಿಲ್ಲ ತಾನೇ?”

ಅಷ್ಟು ಕೇಳಿದ್ದೇ ತಡ, ದೀಪಿಕ ಗೊಳೋ ಎಂದು ಅತ್ತುಬಿಟ್ಟಳು.

ಬೆಳಗ್ಗೆ ಆರಕ್ಕೇ ಮೆಕ್ಯಾನಿಕ್ ಸ್ವಾಮಿ ಮಳವಳ್ಳಿಯಿಂದ ಬಂದು ಹೊಸ ಬೋಲ್ಟು ಹಾಕಿದ. ಅಪ್ಪ ವ್ರೆಂಚನ್ನು ದೀಪಿಕಳ ಕೈಗೆ ಕೊಟ್ಟ. ಅವಳು ಉಸಿರು ಬಿಗಿಹಿಡಿದು ಎಳೆದಳು.

ಟಕ್.

“ಒಂದು ಕೊಸರು ಆಕವ್ವ,” ಎಂದಳು ಅಜ್ಜಿ.

“ಸಾಕು ಕಣಜ್ಜಿ.”

ಕಾರು ಹೊರಟಿತು. ದೀಪಿಕ ಅಜ್ಜಿಯ ಕೈ ಹಿಡಿದುಕೊಂಡು, ಆ ಚಕ್ರ ಇದ್ದ ಕಡೆಯೇ ಕಿಟಕಿ ಪಕ್ಕ ಕೂತಳು. ಮಳವಳ್ಳಿ ದಾಟಿತು, ಮಂಡ್ಯವೂ ಬಂತು. ಅವಳು ಒಂದು ಸಲವೂ ಬಗ್ಗಿ ಚಕ್ರ ನೋಡಲಿಲ್ಲ.