ಮಡಕೆಯ ಮಸಿ

"ಆ ಮಸೀಲಿ ಸತ್ತವರನ್ನ ಎಷ್ಟು ಬೇಕಾದ್ರೂ ಬರಿಯಮ್ಮ. ಬದುಕಿರೋರನ್ನ ಮಾತ್ರ ಬರೀಬೇಡ," ಎಂದಳು ಮನೆ ಒಡತಿ ಅಜ್ಜಿ, ಮೂಲೆಯ ಮಡಕೆಯತ್ತ ಕಣ್ಣೆತ್ತಿಯೂ ನೋಡದೆ. "ಮುಂಚೆ ಇಲ್ಲಿದ್ದೋನು ಮಾಟಗಾರ. ಅವನು ಕಾಯಿಸಿ ಇಟ್ಟುಹೋಗಿದ್ದು ಅದು."

ಹೊಸದಾಗಿ ಮಹಡಿಯ ಕೋಣೆ ಹಿಡಿದಿದ್ದ ಚಿತ್ರಗಾರ್ತಿ ನಕ್ಕುಬಿಟ್ಟಳು. "ಇಂಥ ಕಪ್ಪು ಯಾವ ಅಂಗಡೀಲಿ ಸಿಗುತ್ತೆ ಅಜ್ಜಿ? ಅವನಿಗೆ ಥ್ಯಾಂಕ್ಸ್ ಹೇಳ್ಬೇಕು."

ದೊಡ್ಡ ಧೀರೆ! ಮುಚ್ಚಳ ತೆಗೆದಾಗ ಸುಟ್ಟ ಕೂದಲಿನ ವಾಸನೆ ಬಂತು; ಕಿಟಕಿ ತೆರೆದು ಕುಂಚ ಕೈಗೆತ್ತಿಕೊಂಡಳು.

ಅವಳು ಬರೆಯುತ್ತಿದ್ದುದು ಹಳೆಯ ಕಾಲದ ಯುದ್ಧಗಳನ್ನು: ಉರುಳಿದ ಕುದುರೆ, ಮುರಿದ ಈಟಿ, ಕಿರೀಟ ಕಳೆದುಕೊಂಡ ಅರಸರು. ಆದರೆ ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಡೆ ತನ್ನ ಪುಟ್ಟ ಮಗಳನ್ನು ಬರಿಗಾಲಲ್ಲಿ ನಿಲ್ಲಿಸುತ್ತಿದ್ದಳು. ಬೇರೆ ಸಹಿ ಹಾಕುತ್ತಿರಲಿಲ್ಲ. ಮಗಳೇ ಅವಳ ಸಹಿ. ಈ ಸಲವೂ ಹೆಣಗಳ ನಡುವೆ ಮಗಳನ್ನು ನಿಲ್ಲಿಸಿ, ಪಾದಗಳಿಗೆ ಆ ಮಸಿಯಿಂದ ಗೆರೆ ಎಳೆದಳು.

ಮರುದಿನ ಮಧ್ಯಾಹ್ನ ಮಗಳು ಒಡೆದ ಲೋಟದ ಚೂರುಗಳ ಮೇಲೆ ನಡೆದು ಬಂದಳು. ನೆಲದುದ್ದಕ್ಕೂ ರಕ್ತದ ಹೆಜ್ಜೆ. ಮುಖದಲ್ಲಿ ನಗು.

"ಅಮ್ಮಾ, ನೋಡು, ನೋವೇ ಆಗ್ತಿಲ್ಲ!"

ಅಜ್ಜಿಯ ಮಾತು ನೆನಪಾಗಿ ತಾಯಿ ಚಿತ್ರದ ಬಳಿಗೆ ಓಡಿದಳು. ಒಣಗಿದ್ದ ಮಸಿ ಮಂಡಿಯವರೆಗೆ ಏರಿತ್ತು.

ವೈದ್ಯರು ಸೂಜಿ ಚುಚ್ಚಿ ನೋಡಿ, ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸಿದರು. ಮನೆಗೆ ಮರಳುವಷ್ಟರಲ್ಲಿ ಚಿತ್ರದಲ್ಲಿ ಸೊಂಟದ ತನಕ ಕಪ್ಪು.

"ಅಜ್ಜೀ, ಒರೆಸಿ ಹಾಕ್ಲಾ?"

"ಒರೆಸಿದ್ರೆ ಮಗೂನೇ ಹೋಗುತ್ತೆ!" ಅಜ್ಜಿ ಅವಳ ಕೈ ಹಿಡಿದು ತಡೆದಳು. "ಎದೆ ಮುಟ್ಟಿದ್ರೆ ಮುಗೀತು, ನಗೂ ಇಲ್ಲ, ಅಳೂ ಇಲ್ಲ, ಬರೀ ಉಸಿರು. ಆ ಮಸಿಗೆ ಬದುಕಿರೋ ಮೈ ಬೇಕು. ಬೇರೆ ಯಾರನ್ನಾದ್ರೂ ಬರೆದು ಕೊಟ್ರೆ ಮಗೂನ ಬಿಡುತ್ತೆ. ಆವತ್ತೇ ಬಡ್ಕೊಂಡೆ ನಿಂಗೆ."

ಕೆಟ್ಟ ಮೇಲೆ ಬುದ್ಧಿ ಬಂತು. ಕುಂಚವನ್ನು ಮಡಕೆಗೆ ಅದ್ದಿದಳು. ಮಗಳ ಪಕ್ಕದಲ್ಲಿ ತನ್ನನ್ನೇ ಬರೆದಳು. ಕಾಲು. ಸೊಂಟ. ವಾಸನೆ ಗಂಟಲಿಗಿಳಿಯಿತು. ಕೈ. ಎದೆ. ಮಸಿ ಮಗಳ ಮೈಯಿಂದ ಸರಸರನೆ ಇಳಿಯಿತು. ಹೆಣಗಳನ್ನು ದಾಟಿತು. ಇತ್ತ ತಾಯಿಯ ಚಿತ್ರಕ್ಕೆ ಹರಿದು ಬಂತು.

ಹಿಂದಿನಿಂದ ಚೀರಾಟ. "ಅಮ್ಮಾ, ಕಾಲು! ಉರೀತಿದೆ ಅಮ್ಮಾ!"

ಮಗಳಿಗೆ ನೋವಾಗುತ್ತಿದೆ. ಅಂದರೆ ಗೆದ್ದಂತೆ. ಕುಣಿದಾಡಬೇಕಾದ ಸುದ್ದಿ ಇದು ಎಂದು ಅವಳಿಗೆ ಗೊತ್ತಾಯಿತು. ಮಗಳು ಕುಂಟುತ್ತ ಬಂದು ತಬ್ಬಿಕೊಂಡು ಬಿಕ್ಕಿದಳು. ಸೆರಗು ಒದ್ದೆಯಾದದ್ದು ಕಣ್ಣಿಗೆ ಕಂಡಿತು, ಅಷ್ಟೆ.

"ಎತ್ಕೋ ಅಮ್ಮಾ."

ಎತ್ತಿಕೊಂಡಳು, ಯಾರದೋ ಸಾಮಾನು ಎತ್ತಿಕೊಂಡ ಹಾಗೆ.

ಮಗಳು ಅವಳ ಮುಖವನ್ನೇ ನೋಡಿದಳು. ಅಳು ನಿಂತಿತು. ಮೆಲ್ಲಗೆ ಕೆಳಗಿಳಿದು, ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಹಿಂದೆ ಸರಿದಳು.

"ಅಜ್ಜಿ, ನಮ್ಮಮ್ಮ ಎಲ್ಲಿ?"