ಹನ್ನೆರಡು ಕಹಿ ಬಾಟಲಿಗಳ ಪಂಚನಾಮೆ

ಮದ್ಯದ ರುಚಿಯೇ ಗೊತ್ತಿಲ್ಲದ ನಾನು ಬಾರಿನ ಪ್ರಕರಣವೊಂದನ್ನು ಬರೆಯುವುದು ಅಧಿಕಪ್ರಸಂಗವೇ ಸರಿ. ಬಲ್ಲವರು ಯಾರಾದರೂ ಬರೆದಿದ್ದರೆ ಸುಮ್ಮನಿರುತ್ತಿದ್ದೆ. ತಪ್ಪಿದ್ದರೆ ಕ್ಷಮಿಸಬೇಕು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಬಾರ್ ಮಾಲೀಕ ಏದುಸಿರು ಬಿಡುತ್ತಾ ಠಾಣೆಗೆ ಬಂದ.

"ಸಾರ್, ನನ್ನ ಅಮಾರೊ ಹೋಯ್ತು!"

"ವಯಸ್ಸೆಷ್ಟು?" ಇನ್‌ಸ್ಪೆಕ್ಟರ್ ಪೆನ್ನು ತೆಗೆದರು.

"ಮನುಷ್ಯರಲ್ಲ ಸಾರ್. ಇಟಲಿಯ ಕಹಿ ಮದ್ಯ. ಬೇರು, ತೊಗಟೆ ನೆನೆಸಿ ಮಾಡ್ತಾರೆ. ಅಲ್ಲಿಯವರು ಊಟ ಆದ್ಮೇಲೆ ಜೀರ್ಣಕ್ಕೆ ಕುಡೀತಾರೆ, ನಾವು ಕಾಕ್‌ಟೇಲಿಗೆ ಹಾಕ್ತೀವಿ. ಹನ್ನೆರಡು ಬಾಟಲಿ, ಹನ್ನೆರಡು ಥರ, ಬೀರುವಿನಲ್ಲಿಟ್ಟು ಬೀಗ ಹಾಕ್ತೀವಿ. ನಿನ್ನೆ ಸಂಜೆ ಗಿರಾಕಿಯೊಬ್ಬರು ಕಾಕ್‌ಟೇಲ್ ಉಗುಳಿದಾಗ ಗೊತ್ತಾಯ್ತು. ಈಗ ಎಲ್ಲದರಲ್ಲೂ ಬರೀ ಕಾಫಿ ಡಿಕಾಕ್ಷನ್!"

"ಬೀರುವಿನ ಕೀಲಿ ಯಾರ ಹತ್ರ ಇರುತ್ತೆ?"

"ಇಬ್ಬರ ಹತ್ರ. ಒಬ್ಬರು ನಮ್ಮ ಮೇಷ್ಟ್ರು, ಮೂವತ್ತು ವರ್ಷದಿಂದ ಬಾರ್‌ಟೆಂಡರ್. ಅವರ ನಾಲಿಗೆ ಅಂದ್ರೆ ತಕ್ಕಡಿ. ಇನ್ನೊಬ್ಬಳು ಅವರ ಸಹಾಯಕಿ. ಅವಳದೇ ಕೆಲಸ. ನಿನ್ನೆ ಬೇರೆ ರಜೆ ಹಾಕಿದ್ಲು."

ಹನ್ನೊಂದೂಕಾಲಿಗೆ ಎಫ್‌ಐಆರ್ ಆಯಿತು. ಮಧ್ಯಾಹ್ನ ಬಾರಿನಲ್ಲಿ ಪಂಚನಾಮೆ. ಮುದ್ರೆ ಒತ್ತುವ ಅರಗು ಏಳನೇ ಬಾಟಲಿಗೇ ಮುಗಿಯಿತು.

"ರುಚಿ ನೋಡದೆ ಪಂಚನಾಮೆ ಹೇಗೆ ಸಾರ್?" ಎಂದ ಕಾನ್‌ಸ್ಟೇಬಲ್.

"ಮೂಸಿ ನೋಡು, ಸಾಕು. ಅರಗು ತಗೊಂಡು ಬಾ ಹೋಗು."

ಮಾಲೀಕ ಬೆನ್ನು ಬಿಡಲಿಲ್ಲ. ಶನಿವಾರ ಮೇಷ್ಟ್ರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅತಿಥಿಗಳೆದುರು ಹನ್ನೆರಡನ್ನೂ ರುಚಿಯಿಂದಲೇ ಗುರುತಿಸಬೇಕಿತ್ತು. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಂಡರು.

ಸಹಾಯಕಿಯ ವಿಚಾರಣೆ ಐದೇ ನಿಮಿಷ.

"ನಿನ್ನೆ ಎಲ್ಲಿದ್ರಿ?"

"ಮಗಳ ಶಾಲೇಲಿ. ಟೀಚರ್ ಕರೆಸಿದ್ರು."

"ಸಾಕ್ಷಿ?"

"ಅಷ್ಟು ಜನರ ಮುಂದೆ ಬೈಸಿಕೊಂಡಿದೀನಿ ಸಾರ್, ಸಾಕ್ಷಿಗೇನು ಬರ?"

"ಸೋಮವಾರ?"

"ಬಾರಿಗೆ ರಜೆ. ಮನೇಲಿ ಬಟ್ಟೆ ಒಗೀತಿದ್ದೆ. ಅದಕ್ಕೆ ಸಾಕ್ಷಿ ಇಲ್ಲ." ಆಕೆಯ ದನಿ ಇಳಿಯಿತು. "ಕಳ್ಳಿ ಅಂತ ಹೆಸರು ಬಂದ್ರೆ ಇನ್ಯಾರೂ ನನ್ನ ಕೈಗೆ ಕೀಲಿ ಕೊಡಲ್ಲ ಸಾರ್."

ಗುರುವಾರ ಹನ್ನೊಂದಕ್ಕೆ, ಮಂಗಳವಾರ ಸಂಜೆ ಆ ಕಾಕ್‌ಟೇಲ್ ಕುಡಿದಿದ್ದ ಗಿರಾಕಿ, ಒಬ್ಬ ಹಲ್ಲಿನ ಡಾಕ್ಟರು, ಹೇಳಿಕೆ ಕೊಟ್ಟರು. "ಮೇಷ್ಟ್ರು ಜಿನ್, ವರ್ಮೂತ್, ಅಮಾರೊ ಹಾಕಿ ಕಲಕಿದ್ರು. ಸ್ಟ್ರಾ ಅದ್ದಿ, ಮೇಲೆ ಬೆರಳಿಟ್ಟು, ಒಂದು ಹನಿ ನಾಲಿಗೆಗೆ ಬಿಟ್ಕೊಂಡ್ರು. ಸರಿಯಾಗಿದೆ ಅಂತ ತಲೆ ಆಡಿಸಿ ಕೊಟ್ರು. ನಾನು ಬಾಯಿಗಿಟ್ಟವನೇ ಉಗುಳಿಬಿಟ್ಟೆ."

ಇನ್‌ಸ್ಪೆಕ್ಟರ್ 'ತಲೆ ಆಡಿಸಿ' ಎಂಬುದರ ಕೆಳಗೆ ಗೆರೆ ಎಳೆದರು. ತಕ್ಕಡಿಯಂಥ ನಾಲಿಗೆಗೆ ಡಿಕಾಕ್ಷನ್ ಗೊತ್ತಾಗಲಿಲ್ಲವೇ?

ಮೂರು ಗಂಟೆಗೆ ಮೇಷ್ಟ್ರನ್ನು ಕರೆಸಿದರು. ಕಾನ್‌ಸ್ಟೇಬಲ್ ಇಬ್ಬರಿಗೂ ಕಾಫಿ ತಂದಿಟ್ಟ. ಇನ್‌ಸ್ಪೆಕ್ಟರ್ ಒಂದು ಗುಟುಕು ಕುಡಿದು ಕಿಟಕಿಯಾಚೆ ಉಗಿದರು.

"ಇದೇನೋ, ಕಾಫಿನೋ ಸಮುದ್ರನೋ?"

"ಅಯ್ಯೋ, ಸಕ್ಕರೆ ಡಬ್ಬಿ ಅಂತ ಉಪ್ಪಿನ ಡಬ್ಬಿ..."

ಬೈಯಲು ಬಾಯಿ ತೆರೆದ ಇನ್‌ಸ್ಪೆಕ್ಟರ್ ಹಾಗೇ ನಿಂತರು. ಎದುರಿಗೆ ಮೇಷ್ಟ್ರ ಲೋಟ ಬರಿದಾಗಿತ್ತು.

"ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ," ಕಾನ್‌ಸ್ಟೇಬಲ್ ಗೊಣಗಿದ. "ಇವರು ನೀರೂ ಕೇಳಲಿಲ್ಲ."

"ಯಾವಾಗಿಂದ, ಮೇಷ್ಟ್ರೆ?"

ಮೇಷ್ಟ್ರು ಲೋಟ ಕೆಳಗಿಟ್ಟರು. "ಎಂಟು ತಿಂಗಳಾಯ್ತು. ಜ್ವರ ಹೋಗ್ತಾ ರುಚೀನೂ ತಗೊಂಡು ಹೋಯ್ತು. ಸೋಮವಾರ ಎಲ್ಲಾನೂ ಸಿಂಕಿಗೆ ಸುರಿದು ಡಿಕಾಕ್ಷನ್ ತುಂಬಿಟ್ಟೆ."

"ಡಿಕಾಕ್ಷನ್ ಅಂತ ಗೊತ್ತಿದ್ದೂ ರುಚಿ ಯಾಕೆ ನೋಡಿದ್ರಿ?"

"ನಾನು ನೋಡಲಿಲ್ಲ ಸಾರ್. ಕೈ ನೋಡ್ತು. ಮೂವತ್ತು ವರ್ಷದ ಅಭ್ಯಾಸ."

"ಆಕೆ ಜೈಲಿಗೆ ಹೋಗ್ತಿದ್ಲಲ್ರೀ!"

"ಯಾರೂ ಸಿಕ್ಕಿಬೀಳಲ್ಲ ಅಂದ್ಕೊಂಡಿದ್ದೆ. ಇವತ್ತು ಹೇಳೋಣ ಅಂತಾನೇ ಬಂದೆ. ಕಾಫಿ ಕುಡಿದು ಹೇಳೋಣ ಅಂತ."

ನಾಲ್ಕೂ ಇಪ್ಪತ್ತಕ್ಕೆ ಬಂಧನವಾಯಿತು. ಬಾಟಲಿ ಇಲ್ಲದಿದ್ದರೆ ಶನಿವಾರದ ಪರೀಕ್ಷೆ ಮುಂದಕ್ಕೆ ಹೋಗುತ್ತದೆ; ಹೊಸವು ಹಡಗಿನಲ್ಲಿ ಬರಲು ಮೂರು ತಿಂಗಳು ಬೇಕು. ಅಷ್ಟರಲ್ಲಿ ರುಚಿ ಮರಳಬಹುದೆಂದು ವೈದ್ಯರು ಹೇಳಿದ್ದರಂತೆ. ನಾಲಿಗೆ ಹೋಯಿತೆಂದು ನಾಲ್ಕು ಜನಕ್ಕೆ ತಿಳಿದರೆ ತಾನು ಬರೀ ಗ್ಲಾಸು ಒರೆಸುವ ಮುದುಕ ಎಂಬ ಭಯ ಅವರದು.

ಸಹಾಯಕಿ ತನ್ನ ಹೇಳಿಕೆಗೆ ಸಹಿ ಹಾಕಲು ಬಂದಾಗ ಒಂದು ಮಾತು ತಿಳಿಯಿತು. ಎಂಟು ತಿಂಗಳೂ ಮೇಷ್ಟ್ರ ಹಿಂದೆಯೇ ಆಕೆಯೂ ಸ್ಟ್ರಾ ಅದ್ದಿ, "ಕಹಿ ಸ್ವಲ್ಪ ಮುಂದಾಯ್ತಾ, ಮೇಷ್ಟ್ರೆ?" ಎಂದು ಕೇಳುತ್ತಿದ್ದಳು. ಅವರು ಅದರಂತೆ ಸರಿಪಡಿಸುತ್ತಿದ್ದರು. ಮಂಗಳವಾರ ಮಾತ್ರ ಆಕೆ ಇರಲಿಲ್ಲ.

"ನಿಮಗೆ ಗೊತ್ತಿತ್ತಾ?" ಎಂದರು ಇನ್‌ಸ್ಪೆಕ್ಟರ್.

"ಕಲೀತಿದ್ದೆ ಸಾರ್," ಎಂದಳು ಆಕೆ.

ಆಕೆಗೆ ಗೊತ್ತಿತ್ತೋ ಇಲ್ಲವೋ, ಕಡತದಲ್ಲಿ ಇಲ್ಲ. ನನಗೂ ಗೊತ್ತಿಲ್ಲ.