ಪೆನ್ಸಿಲ್ ಗುರುತು ಮುಟ್ಟಬೇಡಿ

“ನಮ್ಮಮ್ಮನ ಪುಸ್ತಕ... ಹೊಲಿಗೆ ಹಾಕಿ ಆಯ್ತಾ?”

ಆ ದನಿ ಕೇಳಿದಾಗ ಅವಳು ಒಂದು ಹಳೆಯ ಕಾದಂಬರಿಯ ಕೊನೆಯ ಪುಟದಿಂದ ರಬ್ಬರ್ ಪುಡಿ ಊದುತ್ತಿದ್ದಳು. ತಲೆ ಎತ್ತಿದಳು. ಎದುರಿಗೆ ಒಬ್ಬ ಯುವಕ. ಉಗುರಿನ ಸಂದಿಯಲ್ಲಿ ಮಣ್ಣು, ಅಂಗಿಯ ತೋಳಿಗೆ ಒಂದು ಒಣ ಎಲೆ.

“ಯಾವ ಪುಸ್ತಕ?”

“ನೀಲಿ ರಟ್ಟು. ಒಂದು ಮೂಲೆ ಇಲಿ ತಿಂದಿದೆ. ಅಂಚಲ್ಲೆಲ್ಲ ಅಮ್ಮ ಪೆನ್ಸಿಲ್ಲಲ್ಲಿ ಬರ್ದಿದ್ದಾರೆ. ಹೋದ ವರ್ಷ ತೀರ್ಕೊಂಡ್ರು. ಅವರ ಅಕ್ಷರ ಅಂತ ಉಳಿದಿರೋದು ಅದೊಂದೇ... ಅದಕ್ಕೇ ಮುಟ್ಟಬೇಡಿ ಅಂತ ಚೀಟಿ ಇಟ್ಟಿದ್ದೆ.”

ಅವಳ ಕೈಯಲ್ಲಿದ್ದ ಪುಸ್ತಕದ ರಟ್ಟು ನೀಲಿ. ಮೂಲೆಯಲ್ಲಿ ಇಲಿಯ ಹಲ್ಲಿನ ಗುರುತು!

ಪುಸ್ತಕ ತಾನಾಗಿಯೇ ಮೇಜಿನ ಕೆಳಗೆ ಜಾರಿತು. ಬಾಯಿಂದ ಸುಳ್ಳೂ ಹಾಗೆಯೇ ಜಾರಿತು. “ಇನ್ನೂ... ಬೈಂಡರ್ ಹತ್ರ ಇದೆ.”

ಅಂಗಡಿ ಅವಳ ಚಿಕ್ಕಪ್ಪನದು. ಮುಂದಿನ ಕೋಣೆಯಲ್ಲಿ ಹೊಸ ಪುಸ್ತಕ, ಹಿಂದಿನ ಕೋಣೆಯಲ್ಲಿ ಹಳೆಯವು. ಯಾರಾದರೂ ಹರಿದ ಪುಸ್ತಕ ತಂದುಕೊಟ್ಟರೆ ಬೈಂಡರ್ ಹತ್ತಿರ ಹೊಲಿಸಿಕೊಡುವುದೂ ಇತ್ತು. ಮಾರಾಟಕ್ಕೆ ಬಂದ ಹಳೆಯ ಪುಸ್ತಕದ ಗೀಚು ಅಳಿಸಿ ಒರೆಸಿಡುವುದು ಅವಳ ಕೆಲಸ. ಓದದೆ ಒಂದು ಗೀಚನ್ನೂ ಅವಳು ಅಳಿಸಿದವಳಲ್ಲ. ತಿನ್ನುವಾಗ ಎಡಗೈಯಲ್ಲಿ ಪುಸ್ತಕ, ತೂಕದ ಕಲ್ಲಿನಿಂದ ಪುಟ ಒತ್ತಿಟ್ಟು ಗುಡಿಸುವಾಗಲೂ ಕಣ್ಣು ಅಲ್ಲೇ. ಗುರುತಿಗೆ ಕೈಗೆ ಸಿಕ್ಕಿದ ಕಾಗದ: ಟಿಕೆಟ್ಟು, ಕ್ಯಾಲೆಂಡರ್ ಚೂರು, ಏನಾದರೂ ಸರಿ. ಚಿಕ್ಕಪ್ಪ ಅವಳನ್ನು ಕರೆಯುತ್ತಿದ್ದುದೇ ‘ಹುಳು’ ಎಂದು.

ಅವನು ಹೋದ ಮೇಲೆ ತಾನು ಓದುತ್ತಿದ್ದ ಬೇರೊಂದು ಪುಸ್ತಕವನ್ನು ತೆರೆದಳು. ಗುರುತಿಗೆ ಇಟ್ಟಿದ್ದ ಚೀಟಿಯಲ್ಲಿ ದಪ್ಪ ಅಕ್ಷರ: ‘ಹೊಲಿಗೆ ಮಾತ್ರ. ಪೆನ್ಸಿಲ್ ಗುರುತು ಮುಟ್ಟಬೇಡಿ.’

ಎಲ್ಲಿಂದ ಎಳೆದುಕೊಂಡಳೋ, ಯಾವಾಗಲೋ... ನೆನಪೇ ಇಲ್ಲ. ಚೀಟಿ ಹೋದ ಪುಸ್ತಕ ಮಾರಾಟದ ರಾಶಿಗೆ ಸೇರಿತ್ತು, ಅಷ್ಟೆ.

‘ಒಬ್ಬ ತಾಯಿಯನ್ನು ಒರೆಸಿ ಹಾಕಿಬಿಟ್ಟೆನಲ್ಲ...’

ಅವನು ಊರಾಚೆ ಸಸಿ ಬೆಳೆಸುವ ನರ್ಸರಿಯವನು. ವಾರಕ್ಕೊಮ್ಮೆ ಪೇಟೆಗೆ ಗಾಡಿಯಲ್ಲಿ ತಂದ ಸಸಿ ಇಳಿಸಿ ಅಂಗಡಿಗೆ ಬರತೊಡಗಿದ.

“ಏನ್ರೀ, ನಿಮ್ಮ ಬೈಂಡರು ಕಾಗದಕ್ಕೆ ಮರ ನೆಡೋದ್ರಿಂದ ಶುರು ಮಾಡಿದಾರಾ? ಸಸಿ ಬೇಕಿದ್ರೆ ನಾನೇ ಕೊಡ್ತೀನಪ್ಪ!”

ಅವಳು ನಕ್ಕಳು. ನಕ್ಕದ್ದಕ್ಕೆ ಆ ದಿನವೆಲ್ಲ ಊಟ ಸೇರಲಿಲ್ಲ.

ಅವನು ಓದುವವನಲ್ಲ. “ಎರಡನೇ ಪುಟಕ್ಕೆ ನಿದ್ದೆ” ಎನ್ನುತ್ತಿದ್ದ. ಆದರೂ ಅವಳು ಓದಿದ ಕಥೆಯನ್ನೆಲ್ಲ ಕೇಳುತ್ತ ಕೂರುತ್ತಿದ್ದ. ಒಮ್ಮೆ ಕುಂಡದಲ್ಲಿ ಒಂದು ಮಲ್ಲಿಗೆ ಸಸಿ ತಂದು ಕಿಟಕಿಯಲ್ಲಿಟ್ಟ. ಅದಕ್ಕೆ ನೀರು ಹಾಕುವಾಗಲೆಲ್ಲ ಅವಳಿಗೆ ಏನೋ ಕದ್ದವಳ ಹಾಗೆ ಅನಿಸುತ್ತಿತ್ತು. ಪುಸ್ತಕ ಎರಡನೆಯ ವಾರಕ್ಕೇ ಹೊಲಿದು ಬಂದಿತ್ತು. ಅವಳ ಚೀಲದಲ್ಲೇ ಇತ್ತು.

“ಲೇ ಹುಳು, ಈಚೆಗೆ ಆ ಹುಡುಗನ ಮುಖ ಕಂಡ್ರೆ ಒಳಗೆ ಓಡ್ತೀಯಲ್ಲ, ಪಾಪ ಏನು ಮಾಡಿದಾನೆ?” ಎಂದರು ಚಿಕ್ಕಪ್ಪ.

ಅವನಿಗೂ ಹಾಗೇ ಅನಿಸಿತ್ತು. ಆರನೆಯ ವಾರ ಬಂದವನು ಕೂರಲಿಲ್ಲ.

“ನಾನು ಬರೋದು ನಿಮಗೆ ಹಿಡಿಸ್ತಿಲ್ಲ ಅಂತ ಗೊತ್ತಾಯ್ತು. ಪುಸ್ತಕ ಹಾಗೇ ಕೊಡ್ಸಿಬಿಡಿ, ಹೊಲಿಗೆ ಬೇಡ. ಇನ್ನು ತೊಂದರೆ ಕೊಡಲ್ಲ.”

ಅಯ್ಯೋ, ಹಾಗಲ್ಲ! ಎಂದು ಒಳಗೆ ಕೂಗಿಕೊಂಡಳು. ಚೀಲದಿಂದ ಪುಸ್ತಕ ತೆಗೆದು ಮುಂದಿಟ್ಟಳು. ಮೇಲೆ ಆ ಚೀಟಿ.

“ನಾನೇ ಅಳಿಸ್ದೆ. ನೀವು ಮೊದಲ ದಿನ ಬಂದಾಗಲೇ ಎಲ್ಲ ಅಳಿಸಿ ಆಗಿತ್ತು. ಆಮೇಲೆ ಹೇಳಿದ್ದೆಲ್ಲ ಸುಳ್ಳು...”

ಅವನು ಪುಟ ತಿರುವಿದ. ಇನ್ನೊಂದು. ಮತ್ತೊಂದು. ಅಂಚೆಲ್ಲ ಬೆಳ್ಳಗೆ.

“ಆರು ವಾರ...” ಎಂದ. ಚೀಟಿಯ ಸಮೇತ ಪುಸ್ತಕ ಎತ್ತಿಕೊಂಡು ಹೊರಟುಹೋದ.

ಹನ್ನೊಂದು ದಿನ ಅವಳು ಒಂದೂ ಪುಸ್ತಕ ಓದಲಿಲ್ಲ. ಹುಳುವಿನ ಹಸಿವೇ ಸತ್ತಿತ್ತು. ಒಂದು ನೋಟ್‌ಬುಕ್ ತೆಗೆದುಕೊಂಡು, ಅಳಿಸುವಾಗ ಓದಿದ್ದನ್ನು ಒಂದೊಂದೇ ನೆನೆದು, ಪುಟದ ಸಂಖ್ಯೆ ಹಾಕಿ ಬರೆದಳು.

ಹನ್ನೆರಡನೆಯ ದಿನ ಬೆಳಿಗ್ಗೆ ನರ್ಸರಿಗೆ ನಡೆದಳು. ಅವನು ಸಸಿಯ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ಪಕ್ಕದ ಬೆಂಚಿನ ಮೇಲೆ ನೀಲಿ ಪುಸ್ತಕ.

“ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ಇದು ನಿಮ್ಮದು, ಕೊಡೋಕೆ ಬಂದೆ.”

ಅವನು ಕೈ ಒರೆಸಿಕೊಂಡು ನೋಟ್‌ಬುಕ್ ಬಿಡಿಸಿದ. ‘ಪುಟ 12, ನಾಯಕಿಗೆ: ಮಂಗ ಕಣೇ ನೀನು, ಅವನ ಮಾತು ನಂಬಬೇಡ. ಪುಟ 87. ಈ ಹೊತ್ತು ಮಗ ಸೈಕಲ್ ಕಲಿತ. ಎರಡೂ ಮೊಣಕಾಲು ಹೋಯಿತು.’

ಅವನು ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ನೀಲಿ ಪುಸ್ತಕ ತೆಗೆದು, ಎಳೆ ಬಿಸಿಲಿಗೆ ಪುಟವನ್ನು ಓರೆಯಾಗಿ ಹಿಡಿದ.

“ಇಲ್ಲಿ ನೋಡಿ. ಅಮ್ಮನ ಕೈ ಭಾರ. ಒತ್ತಿ ಬರೀತಿದ್ರು.”

ಕಾಗದದ ಮೇಲೆ ಗೆರೆಗಳ ತಗ್ಗು! ನೇಗಿಲು ಹೋದ ನೆಲದ ಹಾಗೆ.

“ಗೆರೆ ಕಾಣುತ್ತೆ, ಓದೋಕಾಗ್ತಿಲ್ಲ. ಹನ್ನೊಂದು ದಿನದಿಂದ ಒದ್ದಾಡ್ತಿದೀನಿ. ಇದೇನು, ಮೂವತ್ತನೇ ಪುಟ?”

“‘ಅಳುವಾಗಲೂ ಇವಳಿಗೆ ಸೀರೆಯ ಬಣ್ಣದ ಚಿಂತೆ!’”

ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಒಂದೊಂದೇ ಹೊಂದಿಸಿದರು. ಮೂರು ಕಡೆ ಅವಳಿಗೂ ನೆನಪಿರಲಿಲ್ಲ, ಬಿಸಿಲಿಗೂ ಕಾಣಲಿಲ್ಲ.

“ಅವು ಹೋದವು,” ಎಂದಳು ತಲೆ ತಗ್ಗಿಸಿ.

“ಹೋದವು. ಅದು ನೋವೇ. ಇಲ್ಲ ಅನ್ನಲ್ಲ.” ನೋಟ್‌ಬುಕ್ಕಿನ ಕೊನೆಗೆ ತಿರುವಿ ಕೇಳಿದ, “ಕೊನೇ ಪುಟದ್ದು ನೋಟ್‌ಬುಕ್ಕಲ್ಲಿ ಇಲ್ವಲ್ಲ? ಮರೆತ್ರಾ?”

ಅವಳ ಮುಖ ಕೆಂಪಾಯಿತು. “ಮರೆತಿಲ್ಲ... ಬರೆಯೋಕೆ ಯೋಗ್ಯತೆ ಇಲ್ಲ ಅನ್ನಿಸ್ತು.”

“ಅದೊಂದು ನಂಗೂ ಬಾಯಿಪಾಠ. ಆದ್ರೂ ನೀವೇ ಹೇಳಿ.”

“‘ನನ್ನ ಮಗನಿಗೆ ಪುಸ್ತಕ ಅಂದರೆ ನಿದ್ದೆ. ಓದಿ ಹೇಳುವವಳು ಸಿಗಲಿ.’”

ಅವನು ಬೆಂಚಿನ ಮೇಲಿನ ಮಣ್ಣು ಸವರಿ ಜಾಗ ಮಾಡಿದ.

“ಓದಿ ಹೇಳ್ತೀರಾ? ಮೊದಲ ಪುಟದಿಂದ?”

“ನಿದ್ದೆ ಬಂದ್ರೆ?”

“ಎಬ್ಬಿಸಿ. ಆದ್ರೆ ಒಂದು ಮಾತು...” ಅವನು ಆ ಹಳೆಯ ಚೀಟಿಯನ್ನು ಅವಳ ಅಂಗೈಗಿಟ್ಟ. “ಗುರುತಿಗೆ ಇದನ್ನೇ ಇಡಬೇಕು.”

ಅವಳು ಚೀಟಿಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು, ಮೊದಲ ಪುಟ ತೆರೆದಳು.